ಬೆಳಕಿಗೆ ಹಾಕಿದ ಹೆಪ್ಪು

ನೂಲಗೇರಿಯಿಂದ ಸಮುದ್ರಕ್ಕೆ ಇನ್ನೂರೈವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಊರಿನ ಮುಕ್ಕಾಲು ಪಾಲು ಜನ ಅದನ್ನು ಕಂಡವರಲ್ಲ, ಕಾಣಬೇಕೆಂಬ ಹಂಬಲವೂ ಅವರಿಗೆ ಇರಲಿಲ್ಲ. ಆದರೂ ವಾರಕ್ಕೊಮ್ಮೆ, ಬೆಳಗಿನ ರೊಟ್ಟಿ ಬಡಿದು ಮುಗಿಸಿದ ಹೆಂಗಸರು ಮಗ್ಗದ ಕುಣಿಯೊಳಗೆ ಇಳಿದು, ತಲೆಯ ಮೇಲೆ ಕಂಬಳಿ ಎಳೆದುಕೊಂಡು, ಸಮುದ್ರದ ಬೆಳಕನ್ನು ನೋಡುತ್ತಿದ್ದರು.

ಕುಣಿಮಗ್ಗದ ಕುಣಿ ಅಂದರೆ ನೇಯುವವರು ಕಾಲು ಇಳಿಬಿಟ್ಟು ಕೂರಲೆಂದು ನೆಲದಲ್ಲಿ ತೋಡಿದ ಗುಂಡಿ. ಬೇಸಿಗೆಯಲ್ಲೂ ಅಲ್ಲಿ ತಂಪು, ಮಟಮಟ ಮಧ್ಯಾಹ್ನದಲ್ಲೂ ಕತ್ತಲೆ. ಎಳೆ ಒಣಗಿ ಕಡಿಯದಿರಲೆಂದು ನೇಕಾರರು ಅದರ ಗೋಡೆಗೆ ಆಗಾಗ ನೀರು ಚಿಮುಕಿಸುತ್ತಾರೆ. ಸರ್ಕಾರದವರು ಸೀಸೆಗಳನ್ನು ಹಂಚುವಾಗ, ಬೆಳಕು ನೋಡಲು ಪ್ರತಿ ಮನೆಗೂ ರಟ್ಟಿನ ಕಪ್ಪು ಡಬ್ಬಿಯೊಂದನ್ನು ಕೊಟ್ಟಿದ್ದರು. ಆ ಡಬ್ಬಿಗಳಲ್ಲಿ ಈಗ ದಾರದ ಉಂಡೆ, ಗುಂಡಿ, ಸೂಜಿ ಇದ್ದವು.

ಕುಡಿಯುವ ನೀರು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಯಂತ್ರವನ್ನು ಕೇಳುವ ಬದಲು ಒಂದು ಜೀವವನ್ನೇ ಕೇಳಿದರೆ ಹೇಗೆ? ಯಾರಿಗೋ ಹೀಗೊಂದು ಯೋಚನೆ ಬಂದದ್ದೇ ಇದಕ್ಕೆಲ್ಲ ಮೂಲ. ಯಂತ್ರ ತನಗೆ ಗೊತ್ತಿರುವ ನಾಲ್ಕು ವಿಷಗಳನ್ನು ಮಾತ್ರ ಹುಡುಕುತ್ತದೆ. ಜೀವಕ್ಕೆ ಆ ಪಟ್ಟಿಯ ಹಂಗಿಲ್ಲ, ಯಾವ ವಿಷ ತಾಗಿದರೂ ಅದು ಸೊರಗುತ್ತದೆ. ಸಮುದ್ರದ ಕೆಲವು ಮೀನುಗಳ ಮೈಯಲ್ಲಿ ಬಾಡಿಗೆಗಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ತಣ್ಣನೆಯ ನೀಲಿ-ಹಸಿರು ಬೆಳಕು ಸೂಸುತ್ತದೆ. ಆ ಬೆಳಕಿಗೆ ಅದು ತನ್ನ ಊಟದ ದೊಡ್ಡ ಪಾಲನ್ನೇ ಖರ್ಚು ಮಾಡಬೇಕು. ಹಾಗಾಗಿ ಮೈಗೆ ಹುಷಾರಿಲ್ಲದಾಗ ಅದು ಮೊದಲು ಮಾಡುವ ಉಳಿತಾಯ ಬೆಳಕಿನದೇ. ನೀರಿನಲ್ಲಿ ವಿಷವಿದ್ದರೆ ಕಾಲು ಗಂಟೆಯಲ್ಲಿ ಬೆಳಕು ಮಂಕಾಗುತ್ತದೆ, ಹೆಚ್ಚಿದ್ದರೆ ಆರಿಯೇ ಹೋಗುತ್ತದೆ. ಸರ್ಕಾರದ ಸೀಸೆಯಲ್ಲಿದ್ದದ್ದು ಆ ಬ್ಯಾಕ್ಟೀರಿಯಾವನ್ನೇ ಒಣಗಿಸಿದ ಪುಡಿ. ಅದಕ್ಕೆ ಒಂದು ಪೊಟ್ಟಣ ಉಪ್ಪು ಬೆರೆಸಿ, ಪರೀಕ್ಷಿಸಬೇಕಾದ ನೀರು ಹಾಕಿ, ಕತ್ತಲಲ್ಲಿ ಹಿಡಿದು ನೋಡಿದರಾಯಿತು. ಅಕ್ಷರ ಬಾರದವರಿಗೂ ಬೆಳಕು-ಕತ್ತಲೆ ತಿಳಿಯುತ್ತದೆ ಎಂಬುದು ಯೋಜನೆ ಮಾಡಿದವರ ಲೆಕ್ಕಾಚಾರ.

ನೂಲಗೇರಿಗೆ ಇದು ಬೇಕಾಗಿತ್ತು. ಹಳ್ಳದ ಆಚೆ ನೂಲಿಗೆ ಬಣ್ಣ ಕಟ್ಟುವ ದೊಡ್ಡ ಘಟಕವೊಂದು ಬಂದ ಮೇಲೆ ಊರಿನ ಬಾವಿಗಳ ಮೇಲೆ ಜನರಿಗೆ ನಂಬಿಕೆ ಹೋಗಿತ್ತು. ಕುಡಿಯುವ ನೀರು ಸರ್ಕಾರದ ಟ್ಯಾಂಕರಿನಲ್ಲಿ ಬರುತ್ತಿತ್ತು. ಘಟಕದವರು ತಮ್ಮ ನೀರು ಹಾಲಿನಷ್ಟು ಶುದ್ಧ ಅನ್ನುತ್ತಿದ್ದರು. ತಪಾಸಣೆಗೆ ಬಂದವರಿಗೆ ಅದು ಹಾಗೇ ಕಾಣುತ್ತಿತ್ತು ಕೂಡ, ಯಾಕೆಂದರೆ ತಪಾಸಣೆಯವರು ಬರುವುದು ಘಟಕದವರಿಗೆ ಎರಡು ದಿನ ಮೊದಲೇ ಗೊತ್ತಿರುತ್ತಿತ್ತು.

ಇಂದುಮತಿ ಚಿಲ್ಲಾಳ ಈ ಪುಡಿ ತಯಾರಾಗುವ ಕೇಂದ್ರದಲ್ಲಿ ಹಿರಿಯ ತಂತ್ರಜ್ಞೆ. ನಲವತ್ತೇಳು ವರ್ಷ, ನೇಕಾರರ ಮನೆಯ ಸೊಸೆ. ಕೇಂದ್ರ ಊರ ಹೊರಗಿನ ಗುಡ್ಡದ ಮಗ್ಗುಲಲ್ಲಿತ್ತು. ಅಲ್ಲಿಗೆ ಇಪ್ಪತ್ತು ನಿಮಿಷದ ಸ್ಕೂಟಿ ದಾರಿ.

ಕೇಂದ್ರದ ಜೀವಾಳ ಒಂದು ಬೀರುವಿನಷ್ಟು ದೊಡ್ಡ ಶೀತಕಪಾಟು. ಒಳಗೆ ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಚಳಿ. ಅದರಲ್ಲಿ ಅಲ್ಯೂಮಿನಿಯಂ ಪಟ್ಟಿಗಳಿಗೆ ಸಿಕ್ಕಿಸಿದ ಮುನ್ನೂರು ಪುಟ್ಟ ಕೊಳವೆಗಳಿದ್ದವು. ಸಮುದ್ರದಿಂದ ಮೊದಲು ತಂದ ಬ್ಯಾಕ್ಟೀರಿಯಾದ ನೇರ ಸಂತಾನ ಅವು. ತಿಂಗಳಿಗೆ ಒಂದು ಕೊಳವೆ ಹೊರಗೆ ಬರುತ್ತಿತ್ತು. ಅದನ್ನು ದೊಡ್ಡ ಪಾತ್ರೆಯಲ್ಲಿ ಬೆಳೆಸಿ, ಕೆನೆ ತೆಗೆದ ಹಾಲು ಮತ್ತು ಒಂದು ಬಗೆಯ ಸಕ್ಕರೆ ಬೆರೆಸಿ, ಸೀಸೆಗಳಿಗೆ ತುಂಬಿ ಗಡ್ಡೆಗಟ್ಟಿಸಿ, ನಿರ್ವಾತ ಯಂತ್ರದೊಳಗೆ ಇಡುತ್ತಿದ್ದರು. ದೇವರ ಗೂಡಿನ ಕರ್ಪೂರ ನೀರಾಗದೆ ಹಾರಿಹೋಗುವಂತೆ, ಆ ನಿರ್ವಾತದಲ್ಲಿ ಮಂಜುಗಡ್ಡೆ ಕರಗದೆ ಆವಿಯಾಗಿ ಹೋಗುತ್ತಿತ್ತು. ಉಳಿಯುತ್ತಿದ್ದದ್ದು ಚಿಟಿಕೆ ಬಿಳಿ ಪುಡಿ. ಸತ್ತದ್ದೂ ಅಲ್ಲ, ಬದುಕಿದ್ದೂ ಅಲ್ಲ ಎನ್ನುವಂಥ ನಿದ್ದೆ. ನೀರು ತಾಗಿದ ಗಳಿಗೆಗೆ ಎಚ್ಚರ.

ಕೇಂದ್ರದ ಮುಖ್ಯಸ್ಥರು ಡಾಕ್ಟರ್ ಯಶೋಧರ ಉಪಾಧ್ಯೆ. ಕನ್ನಡಕ ಒರೆಸದೆ ಒಂದು ಮಾತೂ ಆಡದ ಮನುಷ್ಯ. ಅವರು ಕೆಲಸಕ್ಕೆ ಸೇರಿದ ಎಲ್ಲರಿಗೂ ಮೊದಲ ದಿನ ಒಂದೇ ಪಾಠ ಹೇಳುತ್ತಿದ್ದರು. ಪುಡಿ ಬರಬೇಕಾದದ್ದು ಮೂಲ ಕೊಳವೆಯಿಂದ ಮಾತ್ರ. ಪುಡಿಯಿಂದ ಪುಡಿ ಮಾಡಕೂಡದು.

"ಎಚ್ಚರ ಇದ್ದಷ್ಟು ಹೊತ್ತು ಅವು ಏನರೆ ಒಂದು ಕಲೀತಿರತಾವ ಇಂದುಮತಿ," ಅಂದಿದ್ದರು. "ಮಲಗಿದ್ದು ಏನೂ ಕಲಿಯೂದಿಲ್ಲ. ನಮಗ ಬೇಕಾಗಿರೂದು ಏನೂ ಕಲೀಲಾರದ್ದು."

ಇನ್ನೊಂದು ಪಾಠವನ್ನು ಇಂದುಮತಿ ತಾನೇ ಕಲಿತಳು. ಸೇರಿದ ಹೊಸತರಲ್ಲಿ ಒಮ್ಮೆ ಕೈಗವಸಿಲ್ಲದೆ ಅಲ್ಯೂಮಿನಿಯಂ ಪಟ್ಟಿ ಮುಟ್ಟಿದ್ದಳು. ಕಾದ ಹಂಚು ಮುಟ್ಟಿದ ಹಾಗೆ ಉರಿದು, ಹೆಬ್ಬೆರಳ ಚರ್ಮ ಪಟ್ಟಿಗೇ ಅಂಟಿಕೊಂಡಿತ್ತು. ಆವತ್ತು ಅವಳು ಕಿರುಚಿದ್ದು ಗೇಟಿನ ಕಾವಲುಗಾರನಿಗೂ ಕೇಳಿಸಿತಂತೆ. ಹೆಬ್ಬೆರಳ ತುದಿಯಲ್ಲಿ ಆ ಬಿಳಿ ಕಲೆ ಇನ್ನೂ ಇತ್ತು.

ಹದಿನಾಲ್ಕು ತಿಂಗಳ ಹಿಂದೆ ನಿರ್ವಾತ ಯಂತ್ರದ ಪಂಪು ಕೆಟ್ಟಿತು. ಬಿಡಿಭಾಗ ಬರಲು ಎರಡು ತಿಂಗಳು ಬೇಕಾಯಿತು, ಊರಿಗೆ ಪುಡಿ ನಿಂತಿತು. ಆಗ ತಕರಾರು ತೆಗೆದವಳು ಇಂದುಮತಿಯ ಅತ್ತೆ ಬನಶಂಕರವ್ವ. ಅಷ್ಟುದ್ದದ ಹೆಸರನ್ನು ಕರೆಯುವ ವ್ಯವಧಾನ ಯಾರಿಗೂ ಇಲ್ಲದ್ದರಿಂದ ಓಣಿಗೆಲ್ಲ ಅವಳು ಬನ್ನವ್ವ. ಎಪ್ಪತ್ತು ದಾಟಿದ್ದರೂ ಸೀರೆಯ ಒಡಲಿಗೆ ಸೆರಗು ಕೂಡಿಸುವ ಕೆಲಸಕ್ಕೆ ಅವಳೇ ಬೇಕು. ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಅದು ಕಣ್ಣಿನ ಕೆಲಸವಲ್ಲ, ಬೆರಳಿನ ಕೆಲಸ. ಬನ್ನವ್ವ ಬಾಯಲ್ಲಿ ಎಲೆ-ತಂಬಾಕು ಇಟ್ಟುಕೊಂಡು, ಬಾಗಿಲಲ್ಲಿ ಹೋಗಿಬರುವವರನ್ನೆಲ್ಲ ವಿಚಾರಿಸಿಕೊಳ್ಳುತ್ತಾ, ಕೈ ನೋಡದೆ ಕೊಂಡಿ ಹಾಕುತ್ತಿದ್ದಳು.

"ಅಲ್ಲ ಇಂದೂ, ಆ ಪುಡಿಯಾಗಿನ ಹುಳಾ ಏನ ತಿಂತಾವ?" ಎಂದು ಒಂದು ದಿನ ಕೇಳಿದಳು.

"ಹುಳಾ ಅಲ್ರಿ ಅತ್ತಿ. ಉಪ್ಪನೀರಾಗ ಬ್ಯಾಳಿ ಕಟ್ಟಿನಂಥಾದ್ದು ಏನರೆ ಇದ್ರ ಬೆಳೀತಾವ. ಥಂಡಗ ಇರಬೇಕಷ್ಟ."

"ಹಂಗಾರ ಮೊಸರಿಗೆ ಹಾಕಿದಂಗ ಹೆಪ್ಪ ಹಾಕಿದ್ರ ಆತಲ್ಲ! ಇದಕ್ಕ ಯಾಕ ಇಷ್ಟ ಸಂಕಟ? ತಿಂಗಳಿಗೆ ಎರಡ ಸೀಸೆ, ಎರಡ ಸೀಸೆ ಅಂತ ಔಷಧ ಹಂಚಿದಂಗ ಹಂಚತೀರಿ."

ಇಂದುಮತಿ ನಕ್ಕಳು. ಅತ್ತೆ ನಗಲಿಲ್ಲ. ಉಳಿದಿದ್ದ ಕೊನೆಯ ಸೀಸೆಯ ಪುಡಿಯನ್ನು ಉಪ್ಪು ಬೆರೆಸಿದ ತೊಗರಿಬೇಳೆಯ ಕಟ್ಟಿಗೆ ಹಾಕಿ, ಮಣ್ಣಿನ ಕುಡಿಕೆಯ ಬಾಯಿಗೆ ಬಟ್ಟೆ ಕಟ್ಟಿ, ಕುಣಿಯ ಮೂಲೆಯ ಒದ್ದೆ ಮರಳಲ್ಲಿ ಹುಗಿದಿಟ್ಟಳು. ಅದಕ್ಕೂ ಮೊದಲು ಒಂದು ಮಾತು ಕೇಳಿದ್ದಳು.

"ಟ್ಯಾಂಕರ್ ನೀರು ನಮಗ ಕುಡ್ಯಾಕ ಸಾಲವಲ್ದು. ಇದಕ್ಕ ನಮ್ಮ ಓಣಿ ಗಚ್ಚಿನ ಬಾವಿ ನೀರು ನಡೀತೈತೇನು?"

ಕೆಲಸಕ್ಕೆ ಹೊರಡುವ ಅವಸರದಲ್ಲಿದ್ದ ಇಂದುಮತಿ ಸ್ಕೂಟಿಯ ಕೀಲಿ ಹುಡುಕುತ್ತಾ ಹೇಳಿದಳು, "ಕುದಿಸಿದ್ರ ನಡೀತೈತ್ರಿ."

ಮೂರನೆಯ ದಿನ ಕುಣಿಗಿಳಿದು ಕಂಬಳಿ ಹೊದ್ದು ನೋಡಿದರೆ ಕುಡಿಕೆ ಬೆಳಗುತ್ತಿತ್ತು. ಮಂದ ಬೆಳಕು, ಆದರೆ ಬೆಳಕೇ. ಹದಿನೆಂಟು ಲಕ್ಷದ ಯಂತ್ರವಿಲ್ಲದೆ ಅತ್ತೆ ಇದನ್ನು ಸಾಧಿಸಿದ್ದು ಕಂಡು ಇಂದುಮತಿಗೆ ಹೆಮ್ಮೆಯಾಯಿತು. ಉಪಾಧ್ಯೆಯವರ ಪಾಠ ನೆನಪಾಗಲಿಲ್ಲವೆಂದಲ್ಲ, ನೆನಪಾಯಿತು. ಆದರೆ ಅದು ಕಾರ್ಖಾನೆಯ ನಿಯಮ, ಇದು ಅಡಿಗೆಮನೆಯ ಮಾತು, ಹೇಗೂ ಎರಡು ತಿಂಗಳ ಮಟ್ಟಿಗೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ವಾರಕ್ಕೊಮ್ಮೆ ಬನ್ನವ್ವ ಹಳೆಯದರಿಂದ ಒಂದು ಚಮಚ ತೆಗೆದು ಹೊಸ ಕಟ್ಟಿಗೆ ಹಾಕುತ್ತಿದ್ದಳು. ನೀರು ಪರೀಕ್ಷಿಸುವಾಗಲೂ ಅದೇ ಒಂದು ಚಮಚ. ಹೆಪ್ಪು ಕೇಳಿ ಬಂದವರಿಗೆ ಇಲ್ಲ ಅನ್ನುವ ಪದ್ಧತಿ ಆ ಓಣಿಯಲ್ಲಿಲ್ಲ. ದೀಪ ಹಚ್ಚಿದ ಮೇಲೆ ಕೊಡುವುದಿಲ್ಲ, ಕೊಟ್ಟದ್ದನ್ನು ತಿರುಗಿ ಕೇಳುವುದಿಲ್ಲ, ಇಷ್ಟೇ ಕಟ್ಟಳೆ. ಮೊದಲು ಪಕ್ಕದ ಮನೆಯ ಖಾದರಬಿ ಒಯ್ದಳು. ಅವಳಿಂದ ಅವಳ ತಂಗಿಯ ಮನೆಗೆ ಹೋಯಿತು. ಪಂಪು ದುರಸ್ತಿಯಾಗಿ ಪುಡಿ ಮತ್ತೆ ಬರುವ ಹೊತ್ತಿಗೆ ಊರ ಅರ್ಧಕ್ಕೆ ಬನ್ನವ್ವನ ಹೆಪ್ಪು ಹಬ್ಬಿತ್ತು. ಸರ್ಕಾರದ ಸೀಸೆಯನ್ನು ಜನ ಸಹಿ ಮಾಡಿ ಇಸಿದುಕೊಂಡು, ಅಡಚಣೆಗಿರಲಿ ಎಂದು ಟ್ರಂಕಿನೊಳಗೆ ಹಾಕುತ್ತಿದ್ದರು. ಟ್ರಂಕಿನ ಸೆಕೆಯಲ್ಲಿ ಆ ಪುಡಿ ಎರಡು ವಾರಕ್ಕೇ ಸತ್ತುಹೋಗುತ್ತಿತ್ತು. ಯಾವತ್ತಾದರೂ ಅದನ್ನು ತೆಗೆದು ನೋಡಿದವರು, ಸರ್ಕಾರದ್ದು ಇಷ್ಟೇ ನೋಡು, ನಮ್ಮ ಬನ್ನವ್ವನದು ಹೇಗೆ ಬೆಳಗುತ್ತದೆ ಎಂದು ಆಡಿಕೊಳ್ಳುತ್ತಿದ್ದರು.

ಮಳೆಗಾಲ ಮುಗಿಯುತ್ತಿದ್ದಂತೆ ಎಲ್ಲರೂ ಕಾಯುತ್ತಿದ್ದ ಸುದ್ದಿ ಬಂತು. ಗಚ್ಚಿನ ಬಾವಿಯ ನೀರು ಹಾಕಿದರೆ ಮುಂಚೆ ಅರೆಬೆಳಕು ಬರುತ್ತಿತ್ತು, ಅದಕ್ಕೇ ಆ ನೀರನ್ನು ಬಟ್ಟೆ-ಪಾತ್ರೆಗೆ ಮಾತ್ರ ಬಳಸುತ್ತಿದ್ದರು. ಈಗ ವಾರವಾರಕ್ಕೂ ಬೆಳಕು ಏರುತ್ತಿತ್ತು. ದೀಪಾವಳಿಯ ಹೊತ್ತಿಗೆ ಟ್ಯಾಂಕರ್ ನೀರಿಗೂ ಬಾವಿ ನೀರಿಗೂ ವ್ಯತ್ಯಾಸವೇ ಉಳಿಯಲಿಲ್ಲ. ಮಳೆ ಚೆನ್ನಾಗಿ ಆಗಿತ್ತಲ್ಲ, ಬಾವಿ ತೊಳೆದುಹೋಗಿದೆ ಎಂದು ಹಿರಿಯರು ತೀರ್ಮಾನಿಸಿದರು. ಬಾವಿಯ ಕಟ್ಟೆಗೆ ಸುಣ್ಣ ಬಳಿದು, ಅರಿಶಿನ-ಕುಂಕುಮ ಏರಿಸಿ, ಉಡಿ ತುಂಬಿದರು. ಬನ್ನವ್ವ ಮೊದಲ ಕೊಡ ಸೇದಿದಳು. ಆ ನೀರಿನ ರುಚಿ ಟ್ಯಾಂಕರಿನದಕ್ಕೆ ಎಲ್ಲಿಂದ ಬರಬೇಕು ಎಂದು ಎಲ್ಲರೂ ಅಂದರು, ಇಂದುಮತಿಯೂ ಅಂದಳು. ಅವಳು ಮಧ್ಯಾಹ್ನದ ಊಟ, ನೀರು, ಚಹಾ ಎಲ್ಲ ಕೇಂದ್ರದಲ್ಲೇ ಮುಗಿಸುತ್ತಿದ್ದಳು. ಮನೆಯಲ್ಲಿ ಅವಳು ಕುಡಿಯುತ್ತಿದ್ದದ್ದು ದಿನಕ್ಕೆ ಎರಡು ಲೋಟ.

ಪ್ರತಿ ಮನೆಯ ಗೋಡೆಯಲ್ಲಿ ಒಂದು ಕಾರ್ಡು ಇರುತ್ತಿತ್ತು. ಪೂರ್ತಿ ಬೆಳಕು, ಅರೆಬೆಳಕು, ಕತ್ತಲೆ ಎಂದು ಮೂರು ಚೌಕ. ಬಂದ ಕಾರ್ಡುಗಳನ್ನು ಕೂಡಿಸಿ ತಖ್ತೆ ಮಾಡುವುದು ಇಂದುಮತಿಯ ಕೆಲಸಗಳಲ್ಲಿ ಒಂದು. ಆರು ತಿಂಗಳಿಂದ ನೂಲಗೇರಿಯಲ್ಲಿ ಒಂದೇ ಒಂದು ಅರೆಬೆಳಕಿನ ಗುರುತೂ ಇರಲಿಲ್ಲ. ಉಪಾಧ್ಯೆಯವರು ಕನ್ನಡಕ ಒರೆಸಿ ವರದಿ ಬರೆದರು. ವರದಿ ಮೇಲೆ ಹೋಯಿತು, ಆದೇಶ ಕೆಳಗೆ ಬಂತು. ಬರುವ ಸೋಮವಾರದಿಂದ ನೂಲಗೇರಿಗೆ ಟ್ಯಾಂಕರ್ ನಿಲ್ಲುತ್ತದೆ. ಎಂಟು ಬಾವಿಗಳೂ ಕುಡಿಯಲು ಯೋಗ್ಯ.

ಆದೇಶ ಬಂದ ದಿನ ಇಂದುಮತಿ ಸಂತೋಷದಿಂದಲೇ ಮನೆಗೆ ಬಂದಳು. ಪಡಸಾಲೆಯಲ್ಲಿ ಅವಳ ಗಂಡ ಒಂದು ಸೀರೆ ಹರವಿಕೊಂಡು ಸುಮ್ಮನೆ ಕೂತಿದ್ದ. ಸಾವಕಾರರ ಅಂಗಡಿಯಿಂದ ವಾಪಸು ಬಂದ ಸೀರೆ. ಒಡಲು ಮತ್ತು ಸೆರಗು ಕೂಡುವಲ್ಲಿ ಹನ್ನೊಂದು ಕೊಂಡಿ ಜಾರಿದ್ದವು. ಆ ತಿಂಗಳಲ್ಲಿ ಅದು ಮೂರನೆಯದು.

"ಅವ್ವಗ ಹೇಳಬ್ಯಾಡ," ಅಂದ ಅವನು. "ರಾತ್ರಿಯೊಳಗ ನಾ ಕೂಡಸ್ತೀನಿ."

ಬನ್ನವ್ವ ಒಳಗೆ ಮಗ್ಗದ ಮುಂದೆ ಕೂತಿದ್ದಳು. ಬಾಗಿಲ ಕಡೆ ನೋಡುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಮುಖವನ್ನು ಎಳೆಗಳಿಗೆ ತಾಗುವಷ್ಟು ಬಗ್ಗಿಸಿ, ಬೆರಳುಗಳನ್ನೇ ದಿಟ್ಟಿಸುತ್ತಾ ಒಂದು ಕೊಂಡಿ ಹಾಕುತ್ತಿದ್ದಳು. ಎಳೆ ಬೆರಳ ಸಂದಿಯಿಂದ ಜಾರಿ ಎಷ್ಟೋ ಹೊತ್ತಾಗಿತ್ತು. ಹೆಬ್ಬೆರಳೂ ತೋರುಬೆರಳೂ ಬರಿಗಾಳಿಯನ್ನೇ ಹೊಸೆಯುತ್ತಿದ್ದವು.

"ಏನಾಗೇತ್ರಿ ಅತ್ತಿ?"

"ಏನಾಗೂದು? ವಯಸ್ಸಾಗೇತಿ," ಅಂದಳು ಬನ್ನವ್ವ, ಸಿಟ್ಟಿನಿಂದ. "ಬಟ್ಟಿ ಸುತ್ತಿದಂಗ ಆಗೇತಿ ಬೆರಳಿಗೆ. ಎಳಿ ಸಿಕ್ಕೈತೋ ಬಿಟ್ಟೈತೋ ತಿಳಿವಲ್ದು. ನೀ ಹೋಗಿ ಚಾ ಮಾಡು."

ಇಂದುಮತಿ ಚಹಾಕ್ಕೆ ನೀರಿಟ್ಟಳು. ಬಾವಿಯ ನೀರು. ಅದು ಕುದಿಯುವುದನ್ನು ನೋಡುತ್ತಾ ನಿಂತವಳಿಗೆ, ಕೀಲಿ ಹುಡುಕುತ್ತಾ ತಾನೇ ಹೇಳಿದ್ದ ಎರಡು ಪದ ಕಿವಿಯಲ್ಲಿ ಕೇಳಿಸಿದವು. ಕುದಿಸಿದರೆ ರೋಗಾಣು ಸಾಯುತ್ತವೆ. ಬಣ್ಣ ಗಟ್ಟಿಯಾಗಿ ಹಿಡಿಯಲೆಂದು ಹಾಕುವ ಲೋಹದ ಲವಣಗಳು ಕುದಿಸಿದರೆ ಎಲ್ಲಿಗೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನಷ್ಟು ದಟ್ಟವಾಗುತ್ತವೆ. ಇದು ಅವಳಿಗೆ ಪುಸ್ತಕದಲ್ಲಿ ಓದದೆಯೂ ಗೊತ್ತಿದ್ದ ವಿಷಯ. ಒಲೆ ಆರಿಸಿ, ಪಾತ್ರೆಯ ನೀರನ್ನು ಹಿತ್ತಲಿಗೆ ಚೆಲ್ಲಿ, ಕೊಡದಲ್ಲಿದ್ದದ್ದನ್ನೂ ಚೆಲ್ಲಿದಳು. ಟ್ಯಾಂಕರ್ ನೀರಿನ ಕೊಡದಿಂದ ಪಾತ್ರೆ ತುಂಬಿ ಮತ್ತೆ ಒಲೆ ಹಚ್ಚಿದಳು.

ಮಾರನೆಯ ಬೆಳಗ್ಗೆ ಎರಡು ಬಾಟಲಿ ಕೇಂದ್ರಕ್ಕೆ ಬಂದವು. ಒಂದರಲ್ಲಿ ಬಾವಿಯ ನೀರು, ಇನ್ನೊಂದರಲ್ಲಿ ಬನ್ನವ್ವನ ಕುಡಿಕೆಯ ಹೆಪ್ಪು. ಇಂದುಮತಿ ಶೀತಕಪಾಟಿನಿಂದ ಮೂಲ ಕೊಳವೆಯೊಂದನ್ನು ತೆಗೆದಳು. ಹಾಗೆ ತೆಗೆಯಲು ಉಪಾಧ್ಯೆಯವರ ಸಹಿ ಬೇಕು. ಅವಳು ಕೇಳಲಿಲ್ಲ. ಒಂದು ಬೆಳಕಿಗೆ ಹದಿನಾಲ್ಕು ತಿಂಗಳ ಎಚ್ಚರ, ಇನ್ನೊಂದಕ್ಕೆ ಮೂರು ವರ್ಷದ ನಿದ್ದೆ. ಎರಡಕ್ಕೂ ಒಂದೇ ಬಾವಿಯ ನೀರು ಹಾಕಿ ಬೆಳಕು ಅಳೆಯುವ ಯಂತ್ರದಲ್ಲಿಟ್ಟಳು.

ಕಾಲು ಗಂಟೆಯ ನಂತರ ಬನ್ನವ್ವನ ಹೆಪ್ಪು ನೂರಕ್ಕೆ ತೊಂಬತ್ತಾರು ಬೆಳಗುತ್ತಿತ್ತು. ಮೂಲದ್ದು ಹನ್ನೊಂದಕ್ಕೆ ಇಳಿದಿತ್ತು.

ಅವಳು ಮೂರು ಸಲ ಅಳೆದಳು. ಮೂರು ಸಲವೂ ಹೆಚ್ಚುಕಡಿಮೆ ಅದೇ ಅಂಕಿ. ಬಾವಿ ತೊಳೆದುಹೋಗಿರಲಿಲ್ಲ, ಮೊದಲಿಗಿಂತ ಕೆಟ್ಟಿತ್ತು. ಕಟ್ಟಿನಲ್ಲಿ ಬೆರೆತ ವಿಷವನ್ನು ತಾಳಲಾರದವು ವಾರವಾರಕ್ಕೂ ಸತ್ತು, ತಾಳಿಕೊಂಡವು ಮಾತ್ರ ಮುಂದಿನ ಚಮಚಕ್ಕೆ ದಾಟಿದ್ದವು. ಊರಿನವರು ನೋಡಿದ ಏರುವ ಬೆಳಕು ನೀರು ಸುಧಾರಿಸಿದ್ದರ ಗುರುತಾಗಿರಲಿಲ್ಲ.

ಉಪಾಧ್ಯೆಯವರು ಅಂಕಿಗಳನ್ನು ನೋಡಿದರು. ಕನ್ನಡಕ ತೆಗೆದರು, ಒರೆಸುವುದನ್ನು ಮರೆತರು.

"ಇದು ಎಷ್ಟು ತಲೆಮಾರು ದಾಟೇತಿ?"

"ಅರವತ್ತು ವಾರ, ವಾರಕ್ಕ ಹತ್ತು ಅಂದ್ರೂ ಆರುನೂರು ತಲೆಮಾರು ಸರ್."

"ಮನುಷ್ಯರ ಲೆಕ್ಕಕ್ಕ ಹದಿನೈದು ಸಾವಿರ ವರ್ಷ." ಅವರ ದನಿಯಲ್ಲಿ ಮೊದಲು ಕೇಳಿಸಿದ್ದು ಅಚ್ಚರಿ, ಹೆಚ್ಚುಕಡಿಮೆ ಮೆಚ್ಚುಗೆ. ಅದು ಎಲ್ಲಿಗೆ ಒಯ್ಯುತ್ತದೆ ಎಂಬುದು ಆಮೇಲೆ ಹೊಳೆಯಿತು. "ಇದನ್ನ ಊರಾಗ ಶುರು ಮಾಡಿದವರು ಯಾರು?"

"ನಾನು ಸರ್," ಅಂದಳು ಇಂದುಮತಿ. ಅತ್ತೆಯ ಹೆಸರು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. "ಬಾವಿ ನೀರು ಹಾಕ್ರಿ ಅಂತ ಹೇಳಿದಾಕಿನೂ ನಾನ."

ಅವರು ಮೇಲಿನ ಕಚೇರಿಗೆ ಫೋನು ಮಾಡಿದರು. ಟ್ಯಾಂಕರ್ ನಿಲ್ಲಿಸಬೇಡಿ ಅಂದರೆ, ನಿಮ್ಮದೇ ವರದಿ ಇದೆಯಲ್ಲ ಎಂಬ ಉತ್ತರ ಬಂತು. ತನ್ನ ವರದಿ ತಪ್ಪು ಎಂದು ಬರೆದು ಕಳಿಸುವುದಾಗಿ ಹೇಳಿ ಫೋನಿಟ್ಟರು.

"ಬಾವಿಗೆ ಬೀಗ ಹಾಕಸಬಹುದು. ಆದ್ರ ನಾನೂರು ಮನಿಯಾಗ ನಾನೂರು ಕುಡಿಕಿ, ನೀರು ಛಲೋ ಐತಿ ಅಂತ ದಿನಾ ಸಾಕ್ಷಿ ಹೇಳತಿರತಾವ. ಆ ಬೀಗ ಒಡಿಯಾಕ ಒಂದು ದಿನಾನೂ ಬೇಕಾಗೂದಿಲ್ಲ. ಮೊದಲು ಕುಡಿಕಿ ಹೋಗಬೇಕು."

ಹೇಳುವುದು ಸುಲಭವಿತ್ತು. ಆ ಸಂಜೆ ಇಂದುಮತಿ ಅತ್ತೆಯನ್ನು ಕುಣಿಗಿಳಿಸಿ, ಎರಡು ಸೀಸೆ ಹಿಡಿದು ತೋರಿಸಿದಳು. ಬಾವಿ ನೀರಲ್ಲಿ ಕುಡಿಕೆಯದು ಬೆಳಗುತ್ತಿತ್ತು, ಕೇಂದ್ರದ್ದು ಕಣ್ಣೆದುರೇ ಆರಿತು.

"ನಿಮ್ಮದು ಮೈಗಳ್ಳ," ಅಂದಳು ಬನ್ನವ್ವ ಕಂಬಳಿಯೊಳಗಿಂದ. "ಮದಲಿಂದ್ಲೂ ಹಂಗ. ನನ್ನದು ನೋಡು, ಹೆಂಗೈತಿ."

"ಟ್ಯಾಂಕರ್ ನೀರಾಗ ಕೇಂದ್ರದ್ದೂ ಬೆಳಗತೈತ್ರಿ. ನೋಡ್ರಿ, ಇದು."

"ಹಂಗಾರ ಅದಕ್ಕ ಟ್ಯಾಂಕರ್ ನೀರ ಸೇರತೈತಿ, ಇದಕ್ಕ ಬಾವಿ ನೀರು. ಅದಕ್ಕೇನೀಗ?"

ಇಂದುಮತಿ ತಲೆಮಾರುಗಳ ಲೆಕ್ಕ ಹೇಳಹೋಗಿ ನಿಲ್ಲಿಸಿದಳು. ಕಂಬಳಿಯೊಳಗೆ ತಂಬಾಕಿನ ವಾಸನೆ ತುಂಬಿತ್ತು.

"ಅತ್ತಿ, ನೀವು ಎಲಿ-ತಂಬಾಕ ಹಾಕ್ಕೊಂಡ್ರ ನಿಮಗೇನಾಗತೈತ್ರಿ?"

"ನನಗೇನಾಗೂದು? ಐವತ್ತ ವರ್ಷದ ಚಟ."

"ನಾ ಹಾಕ್ಕೊಂಡ್ರ?"

"ತಲಿ ತಿರಗಿ ಇಲ್ಲೇ ಬೀಳ್ತಿ. ಲಗ್ನದ ವರ್ಷ ಬಿದ್ದಿದ್ಯಲ್ಲ, ಅಡಿಕಿ ಅಂತ ಬಾಯಾಗ ಹಾಕ್ಕೊಂಡು..." ಬನ್ನವ್ವ ನಗಲು ಹೋದವಳು ಅಲ್ಲೇ ನಿಂತಳು. ಕತ್ತಲಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ, ಕುಡಿಕೆಯ ನೀಲಿ ಮಾತ್ರ ಕಾಣುತ್ತಿತ್ತು. ಅವಳು ಕೇಳಿದಳು, "ಇದಕ್ಕ ಚಟಾ ಬಿದ್ದೈತಿ ಅಂತಿಯೇನು?"

"ಹೌದ್ರಿ."

"ಯಾವುದರ ಚಟ?"

"ಬಣ್ಣದ ವಿಷದ್ದು. ನಿಮ್ಮ ಬೆರಳಿಗೆ ಆಗಿದ್ದು ವಯಸ್ಸಲ್ರಿ ಅತ್ತಿ. ಬಾವಿ ನೀರು ನಡೀತೈತಿ ಅಂತ ಹೇಳಿದಾಕಿ ನಾನು. ತಪ್ಪು ನಂದು."

ಬನ್ನವ್ವ ಕಂಬಳಿ ಸರಿಸಿ, ಕುಣಿಯ ಅಂಚಿಗೆ ಕೈಯೂರಿ ಮೇಲೆ ಬಂದಳು. ಬಾಯಲ್ಲಿದ್ದದ್ದನ್ನು ಅಂಗಳದ ಮೂಲೆಗೆ ಉಗುಳಿ, ಸೆರಗು ಸರಿಮಾಡಿಕೊಂಡು ಪಕ್ಕದ ಮನೆಗೆ ಹೋದಳು. ಇಂದುಮತಿ ಹಿಂದೆ ಹೋದಳು.

"ಖಾದರಬಿ, ನಾ ಕೊಟ್ಟ ಹೆಪ್ಪ ತಿರುಗಿ ಕೊಡವಾ."

ಖಾದರಬಿ ನಕ್ಕಳು. ಆಮೇಲೆ ಬನ್ನವ್ವನ ಮುಖ ನೋಡಿ ನಗು ನಿಲ್ಲಿಸಿದಳು. "ಹೆಪ್ಪ ಯಾರರೆ ತಿರುಗಿ ಕೇಳತಾರೇನ ಬನ್ನಕ್ಕ? ನಾ ಏನ ತಪ್ಪ ಮಾಡೀನಿ?"

"ತಪ್ಪ ನಮ್ಮ ಮನೀದು. ಅದಕ್ಕ ಬಾವಿ ನೀರಿನ ಚಟಾ ಬಿದ್ದೈತಿ. ನೀರಾಗ ವಿಷ ಐತಿ ಅಂತ ಅದು ಇನ್ನ ಹೇಳೂದಿಲ್ಲ." ಬನ್ನವ್ವ ಎರಡು ಕೈಯನ್ನೂ ಮುಂದೆ ಹಿಡಿದಳು. "ನೋಡಿಲ್ಲೆ, ಕೊಂಡಿ ಹಾಕಾಕ ಬರವಲ್ದು ನನಗ."

ಮಗ ಮುಚ್ಚಿಟ್ಟಿದ್ದ ಮೂರು ಸೀರೆಯ ವಿಷಯ ಅವಳಿಗೆ ಗೊತ್ತಿತ್ತೆಂದು ಇಂದುಮತಿಗೆ ತಿಳಿದದ್ದು ಆಗ. ಖಾದರಬಿ ಆ ಕೈಗಳನ್ನು ನೋಡಿದಳು. ನಂತರ ತನ್ನ ಪಾದ ನೋಡಿಕೊಂಡಳು.

"ನನ್ನ ಚಪ್ಪಲಿ ಹಾದ್ಯಾಗ ಕಳಚಿ ಬಿದ್ರೂ ಗೊತ್ತಾಗೂದಿಲ್ಲ ಬನ್ನಕ್ಕ," ಅಂದಳು ಸಣ್ಣಗೆ. "ರಮಜಾನ್ ಮುಗದಾಗಿಂದ. ಯಾರಿಗೂ ಹೇಳಿಲ್ಲ ನಾನು." ಒಳಗೆ ಹೋಗಿ ಕುಡಿಕೆ ತಂದು ಕೊಟ್ಟಳು.

ಮೂರು ದಿನ ಬನ್ನವ್ವ ಊರು ತಿರುಗಿದಳು. ತಾನು ಕೊಟ್ಟ ಮನೆಗಳಿಗೆ, ಅವರು ಕೊಟ್ಟ ಮನೆಗಳಿಗೆ, ಅವಳ ಮುಖವನ್ನೇ ಕಾಣದವರ ಮನೆಗಳಿಗೂ ಹೋದಳು. ಕೊಟ್ಟದ್ದನ್ನು ತಿರುಗಿ ಕೇಳಿದವಳು ಎಂಬ ಹೆಸರು ಅವಳಿಗಿಂತ ಮುಂದೆ ಓಡುತ್ತಿತ್ತು. ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬಳು, ನಿನ್ನ ಸೊಸೆಗೆ ಸರ್ಕಾರದ ಪುಡಿ ಖರ್ಚಾಗಬೇಕಲ್ಲ, ಅದಕ್ಕೇ ಬಂದಿದ್ದೀ ಅಂದಳು. ಬನ್ನವ್ವ ಎಲ್ಲ ಕಡೆಯೂ ತಂಬಾಕಿನ ಮಾತು ಹೇಳಿ, ಕೈ ಚಾಚಿ ತೋರಿಸಿದಳು. ಚಾಚಿದ ಕೈಗೆ ಹಲವು ಮನೆಗಳಲ್ಲಿ ಕುಡಿಕೆಗಿಂತ ಮೊದಲು ಇನ್ನೊಂದು ಕೈ ಬಂತು, ನನಗೂ ಹೀಗೇ ಎನ್ನುತ್ತಾ. ಇಂದುಮತಿ ಕುದಿಯುವ ನೀರಿನ ಹಂಡೆ ಇಟ್ಟು, ಬಂದ ಕುಡಿಕೆಗಳನ್ನೆಲ್ಲ ಅದರಲ್ಲಿ ಅದ್ದಿದಳು. ಸೋಮವಾರ ಟ್ಯಾಂಕರ್ ಬಂತು. ಎಂಟು ಬಾವಿಗೂ ಬೀಗ ಬಿತ್ತು, ಯಾರೂ ಒಡೆಯಲಿಲ್ಲ.

ಇಂದುಮತಿಗೆ ಕಾರಣ ಕೇಳಿ ನೋಟಿಸು ಬಂತು. ಅವಳು ನಡೆದದ್ದನ್ನು ನಡೆದ ಹಾಗೆ ಬರೆದು ಕೊಟ್ಟಳು. ವಿಚಾರಣೆ ಇನ್ನೂ ನಡೆಯುತ್ತಿದೆ.

ಒಂದು ಕುಡಿಕೆಯನ್ನು ಮಾತ್ರ ಕುದಿಸಬಾರದೆಂದು ಉಪಾಧ್ಯೆಯವರು ಹೇಳಿ ಕಳಿಸಿದ್ದರು, ಬನ್ನವ್ವನದು. ಬಾವಿಯ ನೀರು ನಾಳೆ ಬದಲಾಗಬಹುದು, ಘಟಕದವರು ನಾಳೆ ಹಾಲಿನಂಥ ನೀರನ್ನೇ ಬಿಡಬಹುದು. ಆದರೆ ಯಾವ ವಿಷ, ಎಷ್ಟು, ಎಷ್ಟು ಕಾಲ ಇತ್ತು ಎಂಬುದನ್ನು ಈ ಆರುನೂರು ತಲೆಮಾರು ಮೈಯಲ್ಲಿ ಬರೆದುಕೊಂಡಿತ್ತು. ಯಾವ ಲೋಹವನ್ನು ಎಷ್ಟರ ಮಟ್ಟಿಗೆ ತಾಳಿಕೊಳ್ಳುತ್ತದೆ ಎಂದು ಅಳೆದರೆ ಅದನ್ನು ಓದಬಹುದಿತ್ತು. ಕುಡಿಕೆಯಲ್ಲೇ ಬಿಟ್ಟರೆ ಅದು ಇನ್ನೊಂದು ಏನನ್ನೋ ಕಲಿತು ಇದನ್ನು ಮರೆಯುತ್ತದೆ. ಆದ್ದರಿಂದ ಅದನ್ನೂ ಮಲಗಿಸಬೇಕು.

"ಯಾರಿಗೂ ಕೊಡೂದಿಲ್ಲ, ನಾನ ತರ್ತೀನಿ," ಎಂದು ಬನ್ನವ್ವ ಹಟ ಹಿಡಿದು ಸ್ಕೂಟಿಯ ಹಿಂದೆ ಕೂತು, ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಉಪಾಧ್ಯೆಯವರು ಎದ್ದು ನಿಂತು ಕುರ್ಚಿ ಕೊಟ್ಟರು. ಇಂದುಮತಿ ಹೆಪ್ಪನ್ನು ಹಾಲು-ಸಕ್ಕರೆಗೆ ಬೆರೆಸಿ ಹನ್ನೆರಡು ಕೊಳವೆಗಳಿಗೆ ತುಂಬಿದಳು. ಚೀಟಿಯ ಮೇಲೆ 'ಬನಶಂಕರವ್ವ, ಗಚ್ಚಿನ ಬಾವಿ, ನೂಲಗೇರಿ' ಎಂದು ಬರೆದು ಅಂಟಿಸಿದಳು. ಕೊಳವೆಗಳು ಪಟ್ಟಿಯನ್ನೇರಿ ಕಪಾಟಿನೊಳಗೆ ಹೋದವು.

"ಬದುಕಿರತಾವಲ್ಲ ಒಳಗ?" ಎಂದು ಅತ್ತೆ ಕೇಳಿದಳು.

"ಮಲಗಿರತಾವ್ರಿ. ನೂರು ವರ್ಷ ಬೇಕಾದ್ರೂ."

ಎರಡು ಗಂಟೆಯ ನಂತರ ಹೊರಡುವ ಮುಂಚೆ ಬನ್ನವ್ವ ಇನ್ನೊಮ್ಮೆ ನೋಡಬೇಕೆಂದಳು. ನೋಡಲು ಏನೂ ಇರುವುದಿಲ್ಲ, ಅಂಥ ಚಳಿಯಲ್ಲಿ ಬೆಳಕು ಇರುವುದಿಲ್ಲ ಎಂದರೂ ಕೇಳಲಿಲ್ಲ. ಇಂದುಮತಿ ದಪ್ಪ ಕೈಗವಸು ತೊಟ್ಟು ಕಪಾಟು ತೆರೆದಳು. ಬಿಳಿ ಹಬೆ ನೆಲದ ಮೇಲೆ ಇಳಿಯಿತು. ಪಟ್ಟಿಯನ್ನು ಹೊರಗೆಳೆದು ಮೇಜಿನ ಮೇಲಿಟ್ಟು, ಉಪಾಧ್ಯೆಯವರು ಕೇಳಿದ ದಾಖಲೆ ಪುಸ್ತಕವನ್ನು ಅವರ ಕೈಗೆ ಕೊಡಲು ಒಂದು ಗಳಿಗೆ ತಿರುಗಿದಳು.

ಮತ್ತೆ ಇತ್ತ ತಿರುಗುವಾಗ ಬನ್ನವ್ವ ಪಟ್ಟಿಯನ್ನು ಕಿಟಕಿಯ ಕಡೆ ಎತ್ತಿ ಹಿಡಿದಿದ್ದಳು. ಮಂಜು ಕಟ್ಟಿದ ಅಲ್ಯೂಮಿನಿಯಂ, ಬರಿಗೈ. ಎಳೆಯ ನಯ ನೋಡುವವಳ ಹಾಗೆ ಹೆಬ್ಬೆರಳು-ತೋರುಬೆರಳುಗಳ ನಡುವೆ ಅದನ್ನು ಒತ್ತಿ ಹಿಡಿದು, ಕಣ್ಣು ಕಿರಿದು ಮಾಡಿ ಕೊಳವೆಯೊಳಗೆ ಬೆಳಕು ಹುಡುಕುತ್ತಿದ್ದಳು.

"ಬೆಂಕಿಗಿಂತ ಕೆಟ್ಟ ಥಂಡಿ ಅಂತಿದ್ದಿ," ಅಂದಳು ಅವಳು ಸೊಸೆಯ ಕಡೆ ನೋಡದೆ. "ಎಲ್ಲೈತಿ ಇಂದೂ? ನನಗೇನೂ ಥಂಡಿ ಹತ್ತವಲ್ದು."

ಇಂದುಮತಿ ಪಟ್ಟಿಯನ್ನು ಕಿತ್ತುಕೊಂಡಳು. ಎರಡು ಬೆರಳ ತುದಿಯ ಚರ್ಮ ಅದರ ಜೊತೆಗೇ ಬಂತು. ಬನ್ನವ್ವ ಕೈಯನ್ನು ಹಿಂದೆ ಎಳೆದುಕೊಳ್ಳಲೂ ಇಲ್ಲ.